ಕಪ್ಪುಬಿಳುಪಿನಲ್ಲಿ ಪ್ರತಿಮೆ: ಕಲ್ಲಿಗೊಂದು ಬೆಳಕು, ಕಂಚಿಗೊಂದು ಬೆಳಕು

ಪ್ರಶ್ನೆ: ಬೆಂಗಳೂರು, ಮೈಸೂರಿನ ಸಾರ್ವಜನಿಕ ಪ್ರತಿಮೆಗಳ ಕಪ್ಪುಬಿಳುಪು ಚಿತ್ರಗಳನ್ನು ತೆಗೆಯುತ್ತಿದ್ದೇನೆ. ಎಪಿಎಸ್-ಸಿ ಸೆನ್ಸರಿನ ಡಿಎಸ್‌ಎಲ್‌ಆರ್ ಇದೆ. ಜೊತೆಗೆ 18–55 ಮತ್ತು 55–250 ಲೆನ್ಸ್‌ಗಳಿವೆ. ಬಣ್ಣದಲ್ಲಿ ಚೆನ್ನಾಗಿರುವ ಚಿತ್ರ ಕಪ್ಪುಬಿಳುಪು ಮಾಡಿದ ಕೂಡಲೇ ಸಪ್ಪೆಯಾಗುತ್ತದೆ. ಕಂಚಿನ ಮೂರ್ತಿ ಹಿಂದಿನ ಮರಗಳಲ್ಲಿ ಕರಗಿಹೋಗುತ್ತದೆ, ಅಮೃತಶಿಲೆಯದು ಬರೀ ಬಿಳಿ ಚುಕ್ಕೆಯಾಗುತ್ತದೆ, ಕಣ್ಣುಗಳು ಕಪ್ಪು ಗುಳಿಗಳಂತೆ ಬರುತ್ತವೆ. ಕೆಂಪು ಫಿಲ್ಟರ್ ಕೊಂಡರೆ ಸರಿಹೋದೀತೇ? ಮೇ ತಿಂಗಳಲ್ಲಿ ಶ್ರವಣಬೆಳಗೊಳಕ್ಕೆ ಹೋಗುವ ಯೋಚನೆಯಿದೆ. ಯಾವ ಹೊತ್ತು ಒಳ್ಳೆಯದು?

ಉತ್ತರ: ಕೆಂಪು ಫಿಲ್ಟರಿಗೆ ದುಡ್ಡು ಹಾಕಬೇಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಅಮೃತಶಿಲೆಯದಕ್ಕೆ ಅದು ಅರ್ಧ ಮದ್ದು, ಕಂಚಿನ ತೊಂದರೆಯನ್ನು ಅದು ಎಷ್ಟೋ ಸಲ ಹೆಚ್ಚಿಸುತ್ತದೆ, ಕಣ್ಣಿನ ಗುಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಲ್ಲದೆ ನಿಮ್ಮದು ಡಿಜಿಟಲ್ ಕ್ಯಾಮೆರಾ. ಅದರ ಸೆನ್ಸರಿನಲ್ಲಿ ನಾಲ್ಕು ಬಿಂದುಗಳಲ್ಲಿ ಒಂದು ಮಾತ್ರ ಕೆಂಪು ಬೆಳಕನ್ನು ಹಿಡಿಯುತ್ತದೆ. ಲೆನ್ಸಿನ ಮುಂದೆ ಗಾಢ ಕೆಂಪು ಗಾಜು ಕೂರಿಸಿದರೆ ಉಳಿದ ಮೂರಕ್ಕೆ ಬೆಳಕೇ ಹೋಗದೆ ವಿವರ ಕಳೆದು, ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಹೆಚ್ಚುತ್ತದೆ. ರಾ ಫೈಲಿನಲ್ಲಿ (ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೆಯೇ ಉಳಿಸುವ ಫೈಲು) ತೆಗೆದರೆ ಆ ಫಿಲ್ಟರಿನ ಕೆಲಸವನ್ನು ಆಮೇಲೆ ಮಾಡಿಕೊಳ್ಳಬಹುದು. ಗಾಜಿನ ಫಿಲ್ಟರ್ ಬೇಕಾಗುವುದು ಕಪ್ಪುಬಿಳುಪು ಫಿಲ್ಮ್ ಬಳಸುವವರಿಗೆ. ಅವರು ಹಳದಿಗೆ 1 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು), ಕಿತ್ತಳೆಗೆ ಸುಮಾರು 2, ಗಾಢ ಕೆಂಪಿಗೆ 3 ಸ್ಟಾಪ್ ಎಕ್ಸ್‌ಪೋಷರ್ ಹೆಚ್ಚಿಸಿಕೊಳ್ಳಬೇಕು.

ಕರಗಿಹೋಗುವುದು ಏಕೆ ಎಂದರೆ, ಕಂದು ಕಂಚು ಹಸಿರು ಎಲೆಯಿಂದ ಬೇರೆಯಾಗಿ ಕಾಣುವುದು ಬಣ್ಣದ ದೆಸೆಯಿಂದ. ಬಣ್ಣ ತೆಗೆದರೆ ಯಾವುದು ಎಷ್ಟು ಬೆಳ್ಳಗಿದೆ, ಎಷ್ಟು ಕಪ್ಪಗಿದೆ ಎಂಬುದಷ್ಟೇ ಉಳಿಯುತ್ತದೆ. ಆ ಲೆಕ್ಕದಲ್ಲಿ ಹಳೆಯ ಕಂಚೂ ನೆರಳಿನಲ್ಲಿರುವ ಎಲೆಗೊಂಚಲೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಕ್ಯಾಮೆರಾ ಎತ್ತುವ ಮೊದಲೇ ಒಂದು ತೀರ್ಮಾನ ಆಗಬೇಕು: ಮೂರ್ತಿ ಹಿನ್ನೆಲೆಗಿಂತ ಬೆಳ್ಳಗಿರಬೇಕೋ, ಕಪ್ಪಗಿರಬೇಕೋ? ನಿಲ್ಲುವ ಜಾಗ, ಹೋಗುವ ಹೊತ್ತು, ಕ್ಯಾಮೆರಾದ ಬೆಳಕಿನ ಮೀಟರ್ ಓದುವ ರೀತಿ, ಆಮೇಲೆ ತಂತ್ರಾಂಶದಲ್ಲಿ ಎಳೆಯುವ ಸ್ಲೈಡರ್ (ಒಂದೊಂದು ಬಣ್ಣವೂ ಕಪ್ಪುಬಿಳುಪಿನಲ್ಲಿ ಎಷ್ಟು ಬೆಳ್ಳಗೆ ಬರಬೇಕೆಂದು ತಿದ್ದುವ ಗುಂಡಿ) ಎಲ್ಲವೂ ಅದನ್ನು ಅನುಸರಿಸಬೇಕು. ಅನುಕೂಲಕ್ಕೆ ಕ್ಯಾಮೆರಾದ ಪಿಕ್ಚರ್ ಸ್ಟೈಲನ್ನು ಮಾನೋಕ್ರೋಮ್‌ಗೆ ಇಟ್ಟು, ಫೈಲನ್ನು ರಾ ಮಾಡಿಕೊಳ್ಳಿ. ಪರದೆಯಲ್ಲಿ ಕಪ್ಪುಬಿಳುಪು ಕಾಣುತ್ತದೆ, ಫೈಲಿನಲ್ಲಿ ಬಣ್ಣವೆಲ್ಲ ಇರುತ್ತದೆ. ಬರೀ ಜೆಪೆಗ್‌ನಲ್ಲಿ ಮಾನೋಕ್ರೋಮ್ ತೆಗೆದರೆ ಬಣ್ಣದ ಮಾಹಿತಿ ಅಲ್ಲಿಗೇ ಮುಗಿಯಿತು, ಮತ್ತೆ ಸಿಗುವುದಿಲ್ಲ.

ಮೊದಲು ಅಮೃತಶಿಲೆ. ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆಯನ್ನು ತೆಗೆದುಕೊಳ್ಳಿ. ಥಾಮಸ್ ಬ್ರಾಕ್ ಕೆತ್ತಿದ್ದು, 1906ರಲ್ಲಿ ಅನಾವರಣಗೊಂಡದ್ದು. ಮೂರ್ತಿ ಸುಮಾರು 11 ಅಡಿ, ಕೆಳಗಿನ ಗ್ರಾನೈಟ್ ಪೀಠ ಸುಮಾರು 13 ಅಡಿ. ಹಿಂದೆ ದಟ್ಟ ಮರಗಳು ಬರುವ ಹಾಗೆ ನಿಂತರೆ ಕ್ಯಾಮೆರಾದ ಮೀಟರು ಚೌಕಟ್ಟಿನ ತುಂಬ ಇರುವ ಕಪ್ಪನ್ನು ನೋಡಿ ಬೆಳಕು ಸಾಲದೆಂದು ಎಕ್ಸ್‌ಪೋಷರ್ ಹೆಚ್ಚಿಸುತ್ತದೆ. ಮೂರ್ತಿ ಬಿಳಿ ಚುಕ್ಕೆಯಾಗುವುದು ಹೀಗೆ. ಇಡೀ ಚೌಕಟ್ಟಿನ ಮೀಟರಿಂಗ್ ಬಳಸುತ್ತಿದ್ದರೆ −1ರಿಂದ −1.7 ಸ್ಟಾಪ್‌ವರೆಗೆ ಕಾಂಪನ್ಸೇಷನ್ (ಮೀಟರಿನ ಲೆಕ್ಕಕ್ಕೆ ತಿದ್ದುಪಡಿ) ಕೊಡಿ. ಸ್ಪಾಟ್ ಮೀಟರನ್ನು (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವುದು) ಬಿಸಿಲು ಬಿದ್ದ ಅಮೃತಶಿಲೆಯ ಮೇಲೇ ಇಡುವುದಾದರೆ ತಿರುಗುಮುರುಗು: +1.5ರಿಂದ +2. ಸ್ಪಾಟ್ ಮೀಟರ್ ತಾನು ನೋಡಿದ್ದನ್ನೆಲ್ಲ ಮಧ್ಯಮ ಬೂದು ಮಾಡಲು ಹೊರಡುತ್ತದೆ, ಅದನ್ನು ನಾವು ಬಿಳಿಯ ಕಡೆಗೆ ಎತ್ತಬೇಕು. ಮೀಟರನ್ನು ನಂಬದಿದ್ದರೆ ಹಳೆಯ ಲೆಕ್ಕ ಇದ್ದೇ ಇದೆ. ಒಳ್ಳೆ ಬಿಸಿಲಿನಲ್ಲಿ ಐಎಸ್‌ಒ 100, ಎಫ್/8, 1/400 ಸೆಕೆಂಡ್. ಬಿಳಿ ಅಮೃತಶಿಲೆಗೆ ಇನ್ನೊಂದು ಸ್ಟಾಪ್ ಇಳಿಸಿ 1/800. ತೆಗೆದ ಮೇಲೆ ಹೈಲೈಟ್ ಎಚ್ಚರಿಕೆ (ಬರೀ ಬಿಳಿಯಾದ ಭಾಗವನ್ನು ಪರದೆಯಲ್ಲಿ ಮಿನುಗಿಸುವ ಸೌಲಭ್ಯ) ಹಾಕಿಕೊಂಡು ಹಣೆ, ಮೂಗಿನ ತುದಿ, ಭುಜದ ಮೇಲ್ಭಾಗ ಮಿನುಗುತ್ತಿವೆಯೇ ನೋಡಿ. ಅಲ್ಲಿ ವಿವರ ಹೋದರೆ ಯಾವ ತಂತ್ರಾಂಶವೂ ತಂದುಕೊಡುವುದಿಲ್ಲ. ಮರಗಳು ಕಪ್ಪಾಗಲಿ, ಅವು ಕಪ್ಪಾದಷ್ಟೂ ಮೂರ್ತಿಗೆ ಲಾಭ.

ಅಮೃತಶಿಲೆಗೆ ಓರೆ ಬಿಸಿಲು ಬೇಕು. ಮೋಡದ ದಿನ ಅದರ ಉಡುಪಿನ ನೆರಿಗೆಗಳೆಲ್ಲ ಒಂದೇ ಬಿಳುಪಿಗೆ ಬಂದು ಕೆತ್ತನೆಯೇ ಅಳಿಸಿಹೋದಂತೆ ಕಾಣುತ್ತದೆ. ಬಿಸಿಲಿದ್ದಾಗ ಇನ್ನೊಂದು ಸೂಕ್ಷ್ಮವೂ ಸಿಗುತ್ತದೆ. ಬಿಸಿಲು ಬಿದ್ದ ಭಾಗ ತುಸು ಹಳದಿ. ನೆರಳಿನ ಭಾಗಕ್ಕೆ ಬೆಳಕು ಬರುವುದು ನೀಲಿ ಆಕಾಶದಿಂದ, ಹಾಗಾಗಿ ಆ ನೆರಳು ನೀಲಿ. ಕಪ್ಪುಬಿಳುಪು ಮಿಶ್ರಣದಲ್ಲಿ ನೀಲಿ ಇಳಿಸಿದರೆ ಆಕಾಶದ ಜೊತೆಗೆ ನೆರಿಗೆಗಳ ನೆರಳೂ ಗಾಢವಾಗಿ ಮೂರ್ತಿ ಉಬ್ಬಿ ಬರುತ್ತದೆ. ನೀಲಿ ಏರಿಸಿದರೆ ನೆರಳು ತುಂಬಿಕೊಂಡು ಮೃದುವಾಗುತ್ತದೆ. ಕೆಂಪು ಫಿಲ್ಟರ್ ಅರ್ಧ ಮದ್ದು ಎಂದದ್ದು ಈ ಕಾರಣಕ್ಕೆ. ಮೋಡ ಕವಿದ ದಿನ ಬಿಳಿ ಕಲ್ಲಿನ ಮೇಲೆ ಇಂಥ ಬಣ್ಣಭೇದವೇ ಇರುವುದಿಲ್ಲ, ಆಗ ಯಾವ ಸ್ಲೈಡರ್ ಎಳೆದರೂ ಏನೂ ಆಗುವುದಿಲ್ಲ.

ಮೈಸೂರಿನ ಕೃಷ್ಣರಾಜ ವೃತ್ತದಲ್ಲಿ ಲೆಕ್ಕ ಬೇರೆ. ನಾಲ್ವಡಿಯವರ ಅಮೃತಶಿಲೆಯ ಮೂರ್ತಿ ಮಂಟಪದ ನೆರಳಿನಲ್ಲಿದೆ, ಸುತ್ತಲೂ ಬಿಸಿಲಿನ ರಸ್ತೆ. ನಡುಹಗಲಲ್ಲಿ ಮೂರ್ತಿಗೂ ಹಿನ್ನೆಲೆಗೂ ಮೂರು ನಾಲ್ಕು ಸ್ಟಾಪ್ ಅಂತರ ಬಂದು ಬಿಳಿ ಮೂರ್ತಿಯೇ ಕಪ್ಪಾಗಿ ಕಾಣುತ್ತದೆ. ಸೂರ್ಯ ಇನ್ನೂ ಕೆಳಗಿದ್ದು ಮಂಟಪದ ಕಂಬಗಳ ನಡುವೆ ಬಿಸಿಲು ತೂರುವ ಬೆಳಗ್ಗೆ, ಇಲ್ಲವೇ ಸೂರ್ಯ ಮುಳುಗಿದ ಮೇಲಿನ ಹದಿನೈದು ಇಪ್ಪತ್ತು ನಿಮಿಷ, ಇವೆರಡೇ ಅಲ್ಲಿ ಕೆಲಸಕ್ಕೆ ಬರುವ ಹೊತ್ತು.

ಕಂಚಿಗೆ ಈ ನಿಯಮಗಳೆಲ್ಲ ತಲೆಕೆಳಗು. ನೇರ ಬಿಸಿಲಿನಲ್ಲಿ ಕಂಚು ಒಂದೆರಡು ಕಡೆ ಚುರುಕ್ಕೆಂದು ಹೊಳೆದು ಉಳಿದೆಡೆ ಕಪ್ಪಾಗಿಬಿಡುತ್ತದೆ. ಮೋಡದ ದಿನ ಇಡೀ ಆಕಾಶವೇ ದೊಡ್ಡ ದೀಪವಾಗಿ ಲೋಹದ ಮೇಲೆ ಅಗಲವಾದ, ಮೆಲ್ಲಗೆ ಇಳಿಯುವ ಹೊಳಪು ಬರುತ್ತದೆ. ಕೆನ್ನೆ, ಪೇಟದ ಸುತ್ತು, ಕೋಟಿನ ಮಡಿಕೆ ಎಲ್ಲ ಓದಬಹುದು. ಜೂನ್–ಜುಲೈನ ಮೋಡಗಳನ್ನು ಕಂಚಿಗೆ, ಮಳೆ ನಿಂತ ಮೇಲಿನ ಸ್ವಚ್ಛ ಬಿಸಿಲನ್ನು ಅಮೃತಶಿಲೆಗೆ ಎಂದು ಹಂಚಿಕೊಂಡರೆ ನಿಮ್ಮ ವರ್ಷದ ಕ್ಯಾಲೆಂಡರ್ ತಾನಾಗಿಯೇ ಸಿದ್ಧ. ಮಳೆ ಬಿದ್ದು ಇನ್ನೂ ಒದ್ದೆಯಿರುವ ಕಂಚು ಎಲ್ಲಕ್ಕಿಂತ ಚೆಂದ. ಹಕ್ಕಿಗಳ ಹಿಕ್ಕೆಯೂ ಅಷ್ಟಿಷ್ಟು ತೊಳೆದುಹೋಗಿರುತ್ತದೆ.

ಈಗ ಹಿನ್ನೆಲೆ. ಕಂಚು ಕಪ್ಪು ವಸ್ತು, ಅದರ ಹಿಂದೆ ಬೆಳಕಿರಬೇಕು. ಆಕಾಶ ಹಿನ್ನೆಲೆಯಾದರೆ ಕೆಂಪು ಫಿಲ್ಟರ್ ಹಾಕಿ ಆಕಾಶವನ್ನು ಕಪ್ಪು ಮಾಡುವುದು ತಪ್ಪು, ಎರಡೂ ಕಪ್ಪಾಗಿ ಮೂರ್ತಿಯ ಅಂಚೇ ಮಾಯವಾಗುತ್ತದೆ. ವಿಮಾನ ನಿಲ್ದಾಣದ ಬಳಿಯ 108 ಅಡಿ ಕೆಂಪೇಗೌಡರ ಪ್ರತಿಮೆಯ (ಶಿಲ್ಪಿ ರಾಮ್ ಸುತಾರ್, ಅನಾವರಣ 2022ರ ನವೆಂಬರ್) ಎಷ್ಟೋ ಕಪ್ಪುಬಿಳುಪು ಚಿತ್ರಗಳಲ್ಲಿ ಆಕಾಶ ಕಾರ್ಗತ್ತಲಾಗಿ ಗೌಡರು ಕಾಣುವುದೇ ಕಷ್ಟ. ನಾಟಕೀಯವಾಗಿರಲಿ ಎಂಬ ಆಸೆಯ ಫಲ ಅದು. ಆಕಾಶವನ್ನು ತಿಳಿ ಬೂದಿನಲ್ಲೇ ಬಿಡಿ, ಮೋಡದ ರೇಖೆ ಉಳಿದರೆ ಸಾಕು. ಇಲ್ಲಿ ಮೀಟರ್ ಮೋಸ ಮಾಡುವುದು ಇನ್ನೊಂದು ದಿಕ್ಕಿಗೆ: ಬೆಳ್ಳನೆ ಆಕಾಶ ನೋಡಿ ಎಕ್ಸ್‌ಪೋಷರ್ ಇಳಿಸುತ್ತದೆ. +1ರಿಂದ +1.7 ಕೊಡಿ. ಸ್ಪಾಟ್ ಮೀಟರನ್ನು ಕಂಚಿನ ಮೇಲಿಟ್ಟರೆ −1.

ಹಿನ್ನೆಲೆ ಮರಗಳಾದರೆ ಹಸಿರನ್ನು ಎತ್ತಬೇಕು. ಹೆಚ್ಚಿನವರು ಹಸಿರು ಸ್ಲೈಡರನ್ನೇ ಪೂರ್ತಿ ಏರಿಸಿ ಏನೂ ಬದಲಾಗಲಿಲ್ಲ ಎನ್ನುತ್ತಾರೆ. ಎಲೆಯ ಬಣ್ಣ ತಂತ್ರಾಂಶದ ಲೆಕ್ಕದಲ್ಲಿ ಬಹುಪಾಲು ಹಳದಿಗೆ ಸೇರುತ್ತದೆ. ಹಳದಿ +40, ಹಸಿರು +25ರ ಸುಮಾರಿನಿಂದ ಶುರುಮಾಡಿ, ಕಿತ್ತಳೆಯನ್ನು −10 ಇಳಿಸಿ. ಎಲೆಗಳು ಬೆಳಗುತ್ತವೆ, ಕಂದು ಕಂಚು ತುಸು ಕೆಳಗಿಳಿಯುತ್ತದೆ. ನೆರಳಿನಲ್ಲಿ ಕತ್ತಲಾಗಿಯೇ ಇರುವ ಎಲೆಗೆ ಇದು ನಾಟುವುದಿಲ್ಲ, ಹಿಂದಿನಿಂದ ಬಿಸಿಲು ತೂರುತ್ತಿರುವ ಎಲೆಗಳು ಬರುವಂತೆ ನಾಲ್ಕು ಹೆಜ್ಜೆ ಸರಿದು ನಿಲ್ಲಿ. ಕಬ್ಬನ್ ಪಾರ್ಕಿನಲ್ಲೇ ಇದರ ಇನ್ನೊಂದು ಪಾಠವಿದೆ. ಶೇಷಾದ್ರಿ ಅಯ್ಯರ್ ಅವರ ಕಂಚಿನ ಪ್ರತಿಮೆ ನಿಂತಿರುವುದು ಅವರದೇ ಹೆಸರಿನ ಕೆಂಪು ಕಟ್ಟಡದ, ಅಂದರೆ ಕೇಂದ್ರ ಗ್ರಂಥಾಲಯದ ಎದುರು. ಸುಮ್ಮನೆ ಬಣ್ಣ ತೆಗೆದರೆ ಕೆಂಪು ಗೋಡೆ ಕಡು ಬೂದಾಗಿ ಪ್ರತಿಮೆ ಅದರಲ್ಲಿ ಹುದುಗುತ್ತದೆ. ಕೆಂಪು ಸ್ಲೈಡರನ್ನು +40ಕ್ಕೆ ತನ್ನಿ. ಗೋಡೆಯ ಕೆಂಪು ಗಾಢ, ಹಾಗಾಗಿ ಅದು ಬಹಳ ಮೇಲೇರುತ್ತದೆ. ಕಂಚಿನಲ್ಲಿ ಬಣ್ಣವೇ ಕಡಿಮೆ, ಅದು ಇದ್ದಲ್ಲೇ ಉಳಿಯುತ್ತದೆ. ಒಂದೇ ಸ್ಲೈಡರಿನಲ್ಲಿ ಮೂರ್ತಿ ಕಟ್ಟಡದಿಂದ ಬಿಡಿಸಿಕೊಂಡು ಬರುವುದನ್ನು ಪರದೆಯ ಮೇಲೆ ನೋಡಬಹುದು.

ಹಳೆಯ ಕಂಚಿನ ಮೇಲೆ ಮಳೆನೀರು ಇಳಿದ ದಾರಿಯಲ್ಲಿ ತಿಳಿ ಹಸಿರು ಕಿಲುಬಿನ ಪಟ್ಟೆಗಳಿರುತ್ತವೆ. ಕಪ್ಪುಬಿಳುಪಿನಲ್ಲಿ ಅವು ಮುಖದ ಮೇಲೆ ಕಣ್ಣೀರಿನಂತೆ ಕಾಣಬಹುದು. ಕೆಲವರಿಗೆ ಅದೇ ಬೇಕು. ಬೇಡವಾದರೆ ಹಸಿರು ಮತ್ತು ಆಕ್ವಾ (ಹಸಿರುನೀಲಿ) ಸ್ಲೈಡರುಗಳನ್ನು ಇಳಿಸುತ್ತ ಹೋಗಿ ಪಟ್ಟೆ ಅಕ್ಕಪಕ್ಕದ ಕಂದಿನ ಜೊತೆ ಬೆರೆಯುವ ಹಂತದಲ್ಲಿ ನಿಲ್ಲಿಸಿ. ಅದಕ್ಕಿಂತ ಇಳಿದರೆ ಬಿಳಿ ಪಟ್ಟೆ ಹೋಗಿ ಕಪ್ಪು ಪಟ್ಟೆ ಬರುತ್ತದೆ.

ನಮ್ಮ ಊರುಗಳ ವೃತ್ತಗಳಲ್ಲಿ ಹೆಚ್ಚಾಗಿ ಇರುವುದು ಸಿಮೆಂಟಿನ ಮೂರ್ತಿ, ಮೇಲೆ ಹೊಳೆಯುವ ಬಂಗಾರದ ಬಣ್ಣ. ಪುಸ್ತಕಗಳಲ್ಲಿ ಇದರ ಮಾತೇ ಬರುವುದಿಲ್ಲ. ಆ ಬಣ್ಣ ಸಾಮಾನ್ಯ ಪರಿವರ್ತನೆಯಲ್ಲಿ ಜಿಡ್ಡು ಜಿಡ್ಡಾದ ಬಿಳಿಯಾಗುತ್ತದೆ. ಹಳದಿ ಮತ್ತು ಕಿತ್ತಳೆಯನ್ನು −40ರವರೆಗೆ ಇಳಿಸಿದರೆ ಬಂಗಾರ ಕಂಚಿನ ಗಾಂಭೀರ್ಯಕ್ಕೆ ಬರುತ್ತದೆ, ಬ್ರಷ್ಷಿನ ಗೆರೆಗಳ ಅಡಿಯಲ್ಲಿರುವ ಆಕಾರ ಕಾಣುತ್ತದೆ. ಬೆಲೆಯೂ ಇದೆ: ಆಗ ಕೆಲಸ ಮಾಡುವುದು ಹೆಚ್ಚಾಗಿ ನೀಲಿ ಚಾನೆಲ್, ಅದರಲ್ಲಿ ನಾಯ್ಸ್ ಜಾಸ್ತಿ. ಹಾಗಾಗಿ ಐಎಸ್‌ಒ 100 ಬಿಟ್ಟು ಮೇಲೇರಬೇಡಿ. ಜಯಂತಿಯ ಮರುದಿನ ಹೋದರೆ ಹೂಮಾಲೆಗಳು ಕೊರಳು ಮುಚ್ಚಿರುತ್ತವೆ ಎಂಬುದೂ ನೆನಪಿರಲಿ.

ಕಣ್ಣಿನ ಗುಳಿಗೆ ಕಾರಣ ಸೂರ್ಯನ ಎತ್ತರ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಗೇ ಬರುತ್ತಾನೆ, ಶೂನ್ಯ ನೆರಳಿನ ದಿನ ಎನ್ನುವುದು ಅದನ್ನೇ. ಆ ಹೊತ್ತಿಗೆ ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ಸುಮಾರು 54 ಡಿಗ್ರಿಗಿಂತ ಮೇಲೇರುವುದಿಲ್ಲ, ಅದೂ ದಕ್ಷಿಣದ ಕಡೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಮೂರ್ತಿಗಳಿಗೆ ಚಳಿಗಾಲ ಇಡೀ ದಿನ ಉದಾರ. ಮೂರ್ತಿ ಯಾವ ದಿಕ್ಕಿಗೆ ನೋಡುತ್ತಿದೆ ಎಂದು ಫೋನಿನ ದಿಕ್ಸೂಚಿಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಸೂರ್ಯ 20ರಿಂದ 40 ಡಿಗ್ರಿ ಎತ್ತರದಲ್ಲಿದ್ದು, ಮುಖದ ನೇರಕ್ಕಿಂತ 40ರಿಂದ 70 ಡಿಗ್ರಿ ಪಕ್ಕಕ್ಕಿರುವ ಹೊತ್ತು ನಿಮಗೆ ಬೇಕಾದದ್ದು. ಎತ್ತರ ಅಳೆಯಲು ಉಪಕರಣ ಬೇಡ. ನಿಮ್ಮ ನೆರಳು ನಿಮ್ಮಷ್ಟೇ ಉದ್ದವಿದ್ದರೆ ಸೂರ್ಯ 45 ಡಿಗ್ರಿಯಲ್ಲಿದ್ದಾನೆ, ನೆರಳು ನಿಮಗಿಂತ ಉದ್ದವಿರುವಷ್ಟು ಹೊತ್ತು ಕೆಲಸ ಮಾಡಿ.

ಗುಳಿಗೆ ಇನ್ನೊಂದು ಕಾರಣ ತೀರ ಹತ್ತಿರ ನಿಲ್ಲುವುದು. ವಿಕ್ಟೋರಿಯಾ ಪ್ರತಿಮೆಯ ತಲೆ ನೆಲದಿಂದ ಸುಮಾರು 24 ಅಡಿ ಎತ್ತರದಲ್ಲಿದೆ. 24 ಅಡಿ ದೂರದಲ್ಲಿ ನಿಂತರೆ ನೀವು ಸುಮಾರು 38 ಡಿಗ್ರಿ ಮೇಲಕ್ಕೆ ನೋಡುತ್ತೀರಿ: ಗದ್ದದ ತಳ, ಮೂಗಿನ ಹೊಳ್ಳೆ, ದೊಡ್ಡ ಪಾದ, ಪುಟ್ಟ ತಲೆ. 72 ಅಡಿಗೆ ಹಿಂದೆ ಹೋದರೆ ಅದು 14–15 ಡಿಗ್ರಿಗೆ ಇಳಿಯುತ್ತದೆ, ಮುಖ ಮುಖದಂತೆ ಕಾಣುತ್ತದೆ. ಅಷ್ಟು ದೂರದಿಂದ ಬರೀ ಮೂರ್ತಿ ತುಂಬಲು ನಿಮ್ಮ ಕ್ಯಾಮೆರಾಕ್ಕೆ 100 ಮಿ.ಮೀ. ಸಾಕು. ಒಟ್ಟು ಎತ್ತರದ ಮೂರು ಪಟ್ಟು ದೂರ ಎಂಬುದು ನಗರದ ಬಹುತೇಕ ಪ್ರತಿಮೆಗಳಿಗೆ ಒದಗುವ ಅಳತೆ. 18–55 ಲೆನ್ಸನ್ನು ಚೀಲದಲ್ಲೇ ಬಿಡಿ. ಅಪರ್ಚರ್ ಎಫ್/8, ಹಿನ್ನೆಲೆಯ ವೈರು, ಫಲಕಗಳನ್ನು ಮಸುಕಾಗಿಸಬೇಕೆಂದರೆ ಎಫ್/5.6. ಎಫ್/16ಕ್ಕೆ ಹೋದರೆ ನಿಮ್ಮ ಸೆನ್ಸರಿನಲ್ಲಿ ಕಲ್ಲಿನ ಕಣಕಣವೂ ಮೆತ್ತಗಾಗುತ್ತದೆ. ಕೈಯಲ್ಲೇ ಹಿಡಿಯುವುದಾದರೆ 1/250ಕ್ಕಿಂತ ಕೆಳಗಿಳಿಯಬೇಡಿ.

ಇನ್ನು ಶ್ರವಣಬೆಳಗೊಳ. ಮೇ ತಿಂಗಳನ್ನು ನೀವು ಹೇಗೆ ಆರಿಸಿಕೊಂಡಿರೋ, ಆಯ್ಕೆ ಮಾತ್ರ ಸರಿಯಾಗಿದೆ. ಚಾವುಂಡರಾಯ ಹತ್ತನೆಯ ಶತಮಾನದ ಕೊನೆಗೆ ಮಾಡಿಸಿದ ಸುಮಾರು 57 ಅಡಿಯ ಆ ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ದಕ್ಷಿಣಕ್ಕೆ ವಾಲಿ. ಅಷ್ಟು ಕಾಲವೂ ಮುಖದ ಮೇಲೆ ನೇರ ಬಿಸಿಲು ಬೀಳುವುದೇ ಇಲ್ಲ. ಚಳಿಗಾಲದ ಚಿತ್ರಗಳಲ್ಲಿ ತಲೆಯ ಹಿಂದೆ ಸುಟ್ಟ ಆಕಾಶ, ಮುಂದೆ ಮಂಕು ಮುಖ ಇರುವುದು ಇದರಿಂದ. ಮೇ ನಡುವಿನಲ್ಲಿ ಬೆಳಗಿನ ಸೂರ್ಯ ಈಶಾನ್ಯದ ಕಡೆಗಿದ್ದು, ಸುಮಾರು 30 ಡಿಗ್ರಿ ಏರಿದಾಗ ಮುಖದ ನೇರಕ್ಕೆ 75 ಡಿಗ್ರಿ ಪಕ್ಕದಲ್ಲಿರುತ್ತಾನೆ. ಜೂನ್ ಕೊನೆಗೆ ಅದು 70 ಡಿಗ್ರಿ. ಹೀಗೆ ಸವರಿಕೊಂಡು ಹೋಗುವ ಬೆಳಕಿನಲ್ಲೇ ಗುಂಗುರು ಕೂದಲಿನ ಸುರುಳಿಗಳು, ತುಟಿಯ ಅಂಚು, ತೋಳಿಗೆ ಹಬ್ಬಿದ ಬಳ್ಳಿ ಒಂದೊಂದಾಗಿ ಎದ್ದು ಬರುವುದು. ಹೊತ್ತು ಬೆಳಗ್ಗೆ ಏಳೂವರೆಯಿಂದ ಒಂಬತ್ತು, ಇಲ್ಲವೇ ಸಂಜೆ ನಾಲ್ಕರಿಂದ ಐದೂವರೆ. ಬೆಳಗ್ಗೆ ಮೂರ್ತಿಯ ಬಲಗೆನ್ನೆ ಬೆಳಗುತ್ತದೆ, ಸಂಜೆ ಎಡಗೆನ್ನೆ. ಸುತ್ತಲಿನ ಕಟ್ಟಡದ ನೆರಳಿನಿಂದ ಪಾದದ ಕಡೆ ಬಿಸಿಲು ತಡವಾಗಿ ಇಳಿಯುತ್ತದೆ, ಆದ್ದರಿಂದ ಮೊದಲು ತಲೆ, ಭುಜ ತೆಗೆದು ಆಮೇಲೆ ಪೂರ್ತಿ ಮೂರ್ತಿಗೆ ಬನ್ನಿ. ಜೂನ್–ಜುಲೈಯಲ್ಲೂ ಕೋನ ಒಳ್ಳೆಯದೇ, ಮುಂಗಾರಿನ ಮೋಡ ಬಿಡಬೇಕಷ್ಟೆ.

ಅಂಗಳ ಇಕ್ಕಟ್ಟು, ಮೂರು ಪಟ್ಟು ದೂರದ ಮಾತು ಅಲ್ಲಿ ನಡೆಯದು. ಪೂರ್ತಿ ಮೂರ್ತಿಗೆ 18 ಮಿ.ಮೀ. ಲೆನ್ಸೇ ಬೇಕಾಗುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಮೂರ್ತಿ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ತಂತ್ರಾಂಶದಲ್ಲಿ ನೆಟ್ಟಗೆ ಮಾಡುವಾಗ ಬದಿಗಳು ಕತ್ತರಿಸಿಹೋಗುವುದರಿಂದ ಎರಡೂ ಕಡೆ ಸಾಕಷ್ಟು ಜಾಗ ಬಿಟ್ಟು ತೆಗೆಯಿರಿ. ಪೂರ್ತಿ ನೆಟ್ಟಗೆ ಮಾಡಲು ಹೋಗಬೇಡಿ, ತಲೆ ಅಸಹಜವಾಗಿ ದಪ್ಪಗಾಗುತ್ತದೆ, ಮುಕ್ಕಾಲು ಪಾಲಿಗೆ ನಿಲ್ಲಿಸಿ. ಮುಖವನ್ನು ಇಷ್ಟು ಕಡಿದಾಗಿ ಕೆಳಗಿನಿಂದಲ್ಲದೆ ನೋಡುವ ಆಸೆಯಿದ್ದರೆ ಎದುರಿನ ಚಂದ್ರಗಿರಿ ಹತ್ತಿ. ಅದು ಉತ್ತರಕ್ಕಿದೆ, ಗೊಮ್ಮಟನ ದೃಷ್ಟಿಯೂ ಆ ಕಡೆಗೇ. 250 ಮಿ.ಮೀ.ಯಲ್ಲಿ ಗೋಡೆಗಳ ಮೇಲೆ ಏಳುವ ತಲೆ–ಭುಜ ಸಿಗುತ್ತದೆ, ಬೆಟ್ಟದ ಬಂಡೆಯೊಡನೆ. ನಡುವಿನ ಮಬ್ಬು ನೀಲಿ ಛಾಯೆಯದು, ನೀಲಿ ಸ್ಲೈಡರ್ ಇಳಿಸಿದರೆ ಸ್ವಲ್ಪ ತಿಳಿಯಾಗುತ್ತದೆ. ಗ್ರಾನೈಟಿಗೆ ಮೀಟರಿನ ತಿದ್ದುಪಡಿ ಹೆಚ್ಚು ಬೇಡ, ಬಿಸಿಲಿದ್ದಾಗ ಕಲ್ಲಿನ ಮೇಲೆ ಸ್ಪಾಟ್ ಇಟ್ಟು +0.7. ಇನ್ನೊಂದು ಸಂಗತಿ: ಬರಿಗಾಲಲ್ಲಿ ಆರು ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು, ಮೇಯಲ್ಲಿ ಹತ್ತು ಗಂಟೆಯ ಹೊತ್ತಿಗೆ ಬಂಡೆ ಕಾದುಬಿಡುತ್ತದೆ. ಕಾಲುಚೀಲ ಇಟ್ಟುಕೊಳ್ಳಿ.

ಚಾಮುಂಡಿ ಬೆಟ್ಟದ ನಂದಿಯಂಥ ಎಣ್ಣೆ ಹೀರಿದ ಕರಿಕಲ್ಲಿಗೆ ಮಾತ್ರ ಒಂದು ಫಿಲ್ಟರ್ ಕೊಳ್ಳಿ ಎನ್ನುತ್ತೇನೆ, ಅದು ಪೋಲರೈಸರ್. ಎಣ್ಣೆಯ ಮೇಲಿನ ಹೊಳಪನ್ನು ಅದು ತೆಗೆಯುತ್ತದೆ, ಆ ಕೆಲಸ ಆಮೇಲೆ ಕಂಪ್ಯೂಟರಿನಲ್ಲಿ ಆಗದು. ಪೂರ್ತಿ ತೆಗೆದರೆ ನಂದಿ ಇದ್ದಿಲಿನ ರಾಶಿಯಾಗುತ್ತದೆ. ಉಂಗುರವನ್ನು ಗರಿಷ್ಠಕ್ಕೆ ತಿರುಗಿಸಿ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ತಂದು, ಗಂಟೆಸರಗಳ ಅಂಚಿನಲ್ಲಿ ತೆಳು ಹೊಳಪು ಉಳಿಯುವಲ್ಲಿ ನಿಲ್ಲಿಸಿ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಕಳೆಯುತ್ತದೆ. ಸ್ಪಾಟ್ ಮೀಟರ್ ಕಲ್ಲಿನ ಮೇಲಿದ್ದರೆ −1.5.

ಸಂಸ್ಕರಣೆಯ ಬಗ್ಗೆ ಎರಡೇ ಮಾತು. ನೀಲಿ ಸ್ಲೈಡರ್ −40 ದಾಟಿದರೆ ಎಚ್ಚರವಿರಲಿ. −60ರ ಆಚೆ ಆಕಾಶದಲ್ಲಿ ಕಾಳುಕಾಳು, ಮೂರ್ತಿಯ ಸುತ್ತ ಬಿಳಿ ಗೆರೆ ಬರುತ್ತವೆ. ಕ್ಲಾರಿಟಿ (ಸಣ್ಣ ವಿವರಗಳನ್ನು ಎತ್ತಿ ತೋರಿಸುವ ಸ್ಲೈಡರ್) +15ಕ್ಕಿಂತ ಹೆಚ್ಚು ಬೇಡ, ಅಮೃತಶಿಲೆಯ ಚರ್ಮ ಸಿಮೆಂಟಿನಂತೆ ಒರಟಾಗುತ್ತದೆ. ಮುಖ ಮೇಲೇಳಬೇಕಿದ್ದರೆ ಮುಖದ ಮೇಲೆ ಮಾತ್ರ ಅಂಚು ಮೃದುವಾದ ಮಾಸ್ಕ್ ಹಾಕಿ 0.3ರಿಂದ 0.5 ಸ್ಟಾಪ್ ಏರಿಸಿ, ಪೀಠವನ್ನು ಅಷ್ಟೇ ಇಳಿಸಿ. ದುಡ್ಡು ಕೊಡಬೇಕಿಲ್ಲದ ಡಾರ್ಕ್‌ಟೇಬಲ್, ಗಿಂಪ್ ತಂತ್ರಾಂಶಗಳಲ್ಲಿ ಚಾನೆಲ್ ಮಿಕ್ಸರ್ (ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಪಾಲು ಸೇರಬೇಕೆಂದು ಹೇಳುವ ಸಾಧನ) ಇದೆ. ಕೆಂಪು 80, ಹಸಿರು 20, ನೀಲಿ 0 ಎಂದರೆ ಕೆಂಪು ಫಿಲ್ಟರಿನ ಹತ್ತಿರ ಬರುತ್ತದೆ. ಮೂರೂ ಸೇರಿ 100 ಆಗದಿದ್ದರೆ ಚಿತ್ರದ ಒಟ್ಟು ಬೆಳಕೇ ಏರುಪೇರಾಗುತ್ತದೆ.

ನೀವು ಕೇಳಿಲ್ಲ, ಆದರೂ ಪ್ರದರ್ಶನದ ಯೋಚನೆಯಿದ್ದರೆ ಬೇಕಾದೀತು. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇರಿಸಿದ ಶಿಲ್ಪದ ಫೋಟೋ ತೆಗೆಯುವುದೂ ಪ್ರಕಟಿಸುವುದೂ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಟಿ) ಪ್ರಕಾರ ಉಲ್ಲಂಘನೆಯಲ್ಲ, ಶಿಲ್ಪಿ ಜೀವಂತವಿದ್ದರೂ ಅಷ್ಟೆ. ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮಾತ್ರ ಮೊದಲೇ ಅನುಮತಿ ಪಡೆಯಬೇಕು, ಗೊಮ್ಮಟನ ಅಂಗಳಕ್ಕೂ ಅದು ಅನ್ವಯಿಸುತ್ತದೆ. ಮೇಲೆ ಹೇಳಿದ ಹೊತ್ತುಗಳಲ್ಲಿ ಐಎಸ್‌ಒ 200ರಲ್ಲೇ ಕೈಯಲ್ಲಿ ಹಿಡಿದು ತೆಗೆಯುವಷ್ಟು ಬೆಳಕಿರುತ್ತದೆ, ಟ್ರೈಪಾಡ್ ಹೊತ್ತು ಬೆಟ್ಟ ಹತ್ತುವ ಅಗತ್ಯ ಬೀಳಲಾರದು.